ನೀಲಿ ಫಲಕ ತೋರಿಸಿದ ದಾರಿ

ಪೈನಿ ಫೋರ್ಕ್, ಕೆಂಟಕಿ
ಫೆಬ್ರವರಿ ೧೧

ವೆಂಡೆಲ್,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಹಂದಿಕೊಬ್ಬಿನ ವಾಸನೆ ಹೊಡೆಯುತ್ತಿದ್ದರೆ ಆಶ್ಚರ್ಯಪಡಬೇಡ. ಒಪಲ್ ನಿನ್ನ ಹೆಂಡತಿಗೆ ಕಳಿಸುತ್ತಿರುವ ಕಾಳಿನ ಬಟ್ಟಲಿದೆಯಲ್ಲ, ಅದರ ಮುಚ್ಚಳದ ಮೇಲಿಟ್ಟು ಬಟ್ಟೆ ಕಟ್ಟಿದ್ದೇನೆ. ನಾನೂ ನೀನೂ ಮಾತು ಬಿಟ್ಟು ಚಳಿಗಾಲವೇ ಕಳೆಯುತ್ತ ಬಂತು. ನಮ್ಮ ಹೆಂಡಿರು ಮಾತ್ರ ಆ ಹಳದಿ ಬಟ್ಟಲನ್ನು ಬಿಟ್ಟಿಲ್ಲ. ತುಂಬಿ ಬಂದದ್ದನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅವಳು, ಅವಳು ತುಂಬಿಸಿ ಕಳಿಸಿದಳಲ್ಲ ಎಂದು ಇವಳು. ಹೀಗೆ ಮದುವೆಯಾದಾಗಿನಿಂದ ಅದಕ್ಕೆ ಎರಡು ಮನೆಗಳ ನಡುವೆ ಓಡಾಟ ತಪ್ಪಿಲ್ಲ. ಕೆಟ್ಟ ಗಾಡಿಗಳನ್ನು ಎಳೆಯುವ ನನ್ನ ಲಾರಿಗಿಂತ ಹೆಚ್ಚು ಓಡಿದೆ, ಎಣ್ಣೆ ಮಾತ್ರ ಕೇಳುವುದಿಲ್ಲ.

ಅಂಚೆಗೆ ಹಾಕಬಹುದಿತ್ತು. ಎರಡು ಬೀದಿ ಆಚೆಗಿರುವವನಿಗೆ ಅಂಚೆಚೀಟಿ ಅಂಟಿಸುವುದು ನನ್ನಂಥ ಜಿಪುಣನಿಂದ ಆಗದ ಕೆಲಸ. ನಿನ್ನ ಕೌಂಟಿ ಕಚೇರಿಗೇ ಬರೋಣವೆಂದರೆ, ಹೋದ ಸಲ ನಿನ್ನ ಪೊಲೀಸರು ನನ್ನ ರಟ್ಟೆ ಹಿಡಿದು ಮೆಟ್ಟಿಲಿಳಿಸಿದ್ದನ್ನು ಊರೇ ನೋಡಿದೆ. ಆಸ್ಪತ್ರೆ ಮುಚ್ಚುವ ಕಾಗದಕ್ಕೆ ನೀನು ರುಜು ಹಾಕಿದ ದಿನ ನಾನಾಡಿದ ಮಾತಿಗೆ ಅದು ತಕ್ಕ ಮರ್ಯಾದೆಯೇ ಇದ್ದೀತು. ಆ ಮಾತನ್ನು ನಾನು ವಾಪಸು ತೆಗೆದುಕೊಳ್ಳಲು ಬರೆಯುತ್ತಿಲ್ಲ.

ವಿಷಯ ಇಷ್ಟು. ಕೌಂಟಿಯ ಎರಡು ಆಂಬುಲೆನ್ಸುಗಳಲ್ಲಿ ಒಂದನ್ನು ನಿಲ್ಲಿಸುವ ಯೋಚನೆ ನಿನ್ನ ಮಂಡಳಿಗೆ ಇದೆಯೆಂದು ಕೇಳಿದೆ. ಒಪಲ್‌ಳ ಹೃದಯದ ಸಂಗತಿ ನಿನಗೆ ಗೊತ್ತು. ಹೋದ ಶರತ್ಕಾಲದಿಂದ ಅದು ಸುಸ್ತಾದ ಪಂಪಿನಂತಾಗಿದೆ. ಇದ್ದಕ್ಕಿದ್ದಂತೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹಾಗಾದಾಗ ಬೇಗ ಆಸ್ಪತ್ರೆ ಸೇರಿಸಿದರೆ ಸೂಜಿ ಚುಚ್ಚಿ ನೀರಿಳಿಸುತ್ತಾರೆ, ಮಾರನೆಯ ದಿನ ಎದ್ದು ಕೂತು ನನ್ನ ತಪ್ಪುಗಳನ್ನು ಎಣಿಸುತ್ತಾಳೆ. ತಡವಾದರೆ ಎಣಿಸುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಈಗ ಆಸ್ಪತ್ರೆ ಇರುವುದು ಬೆಟ್ಟದ ಆಚೆ. ಒಂದೇ ಗಾಡಿ ಉಳಿದರೆ, ಅದು ಒಬ್ಬನನ್ನು ಬೆಟ್ಟ ದಾಟಿಸಿ ಬರುವವರೆಗೆ ಈ ಕಡೆಯವರೆಲ್ಲ ಉಸಿರು ಹಿಡಿದು ಆರೋಗ್ಯವಾಗಿರಬೇಕು. ಎರಡನೆಯ ಗಾಡಿಯನ್ನು ಉಳಿಸು. ನಾನು ಕೇಳುತ್ತಿರುವುದು ಇಷ್ಟೇ.

ಇನ್ನೊಂದು ಚಿಕ್ಕ ವಿಷಯ. ಹೆದ್ದಾರಿಯ ತಿರುವಿನಲ್ಲಿ ಆಸ್ಪತ್ರೆಯ ನೀಲಿ ಫಲಕ ಇನ್ನೂ ನಿಂತಿದೆ, ಬಾಣದ ಗುರುತಿನ ಸಮೇತ. ಹೋದ ವಾರ ಒಹಾಯೋ ಕಡೆಯ ಗಂಡಹೆಂಡತಿ ಕೈ ಮುರಿದ ಮಗುವನ್ನು ಕರೆದುಕೊಂಡು ಆ ಬಾಣ ನಂಬಿ ಹೋಗಿ, ಹಲಗೆ ಹೊಡೆದ ಬಾಗಿಲನ್ನು ಬಡಿಯುತ್ತಿದ್ದರು. ಕೊನೆಗೆ ನನ್ನ ಲಾರಿಯ ಹಿಂದೆ ಕಾರು ಹಾಕಿಕೊಂಡು ಬೆಟ್ಟ ದಾಟಿದರು. ಅದನ್ನಾದರೂ ಕಿತ್ತುಹಾಕಿಸು. ಇಲ್ಲದ ವಸ್ತುವಿಗೆ ಬೋರ್ಡು ಹಾಕಿದ ಅಂಗಡಿಯವನನ್ನು ನಾವು ಏನೆಂದು ಕರೆಯುತ್ತೇವೆ?

ಡೆಲ್ಮರ್ ಸ್ಟಿಲ್ಟ್‌ನರ್
(ಹಳೆಯ ಸಹಿಯೇ, ಗುರುತು ಹತ್ತುತ್ತದೆ)


ಫೆಬ್ರವರಿ ೨೬

ಡೆಲ್ಮರ್,

ಕಾಳು ಚೆನ್ನಾಗಿತ್ತು. ಬಟ್ಟಲಲ್ಲಿ ನೇಡೀನ್ ಒಣಸೇಬಿನ ಕೇಕು ಇಟ್ಟಿದ್ದಾಳೆ. ಒಪಲ್‌ಗೆ ಉಪ್ಪು ಬೇಡವೆಂದು ಹಾಕಿಲ್ಲ, ಹೇಳು.

ಜೈಲು ಕಟ್ಟಲು ದುಡ್ಡಿದೆ, ಆಸ್ಪತ್ರೆ ನಡೆಸಲು ಇಲ್ಲವೇ ಎಂದು ನೀನು ಅಂದು ಸಭೆಯಲ್ಲಿ ಕೂಗಿದೆ. ಆಗ ಉತ್ತರಿಸಲು ನೀನು ಬಿಡಲಿಲ್ಲ, ಈಗ ಹೇಳುತ್ತೇನೆ. ದುಡ್ಡು ನಮಗೆ ಬರುವುದು ಹೆಸರು ಬರೆದ ಲಕೋಟೆಗಳಲ್ಲಿ. ಜೈಲಿನ ಲಕೋಟೆಯಿಂದ ಒಂದು ಡಾಲರು ಆಸ್ಪತ್ರೆಗೆ ಸರಿಸಿದರೆ ಆ ಜೈಲಿಗೆ ನಾನೇ ಮೊದಲ ಗಿರಾಕಿ. ರಾಜಧಾನಿಗೆ ಹೋಗಿ ಜೈಲು ಕೇಳಿದರೆ ಕುರ್ಚಿ ಎಳೆದು ಕೂರಿಸುತ್ತಾರೆ. ಆಸ್ಪತ್ರೆ ಎಂದರೆ, ನಿಮ್ಮಲ್ಲಿ ರೋಗಿಗಳು ಸಾಲದು, ನಡೆಯುವುದಿಲ್ಲ ಎನ್ನುತ್ತಾರೆ. ನಮ್ಮಲ್ಲಿ ರೋಗಿಗಳು ಸಾಲದಂತೆ! ನಡೆಸುತ್ತಿದ್ದ ಕಂಪನಿ ಬಿಟ್ಟುಹೋಯಿತು. ಆ ರುಜು ನಾನು ಹಾಕದಿದ್ದರೆ ಇನ್ನೊಬ್ಬ ಹಾಕುತ್ತಿದ್ದ. ಗಣಿ ಮುಚ್ಚಿದ ಮೇಲೆ ಮನೆಯ ಜಗಲಿ ಮೇಲೆ ಕೂತ ಗಂಡಸರನ್ನು ನೀನೂ ನೋಡಿದ್ದೀಯ. ಅವರಲ್ಲಿ ಕೆಲವರಿಗೆ ಜೈಲಿನಲ್ಲಿ ಕೆಲಸ, ಸಂಬಳ, ವಿಮೆ ಸಿಗುತ್ತದೆ. ಅದೂ ಲೆಕ್ಕಕ್ಕೆ ಬರಲಿ.

ಆಂಬುಲೆನ್ಸಿನ ವಿಷಯ ಮಂಡಳಿಯ ಮುಂದಿದೆ. ನನ್ನದು ಒಂದೇ ಮತ.

ಫಲಕ ನಮ್ಮದಲ್ಲ, ರಾಜ್ಯದ ಹೆದ್ದಾರಿ ಇಲಾಖೆಯದು. ಅರ್ಜಿ ಕಳಿಸಿದ್ದೇನೆ.

ವೆಂಡೆಲ್


ಮಾರ್ಚ್ ೨೩

ವೆಂಡೆಲ್,

ನಿನ್ನನ್ನು ಊರವರು ಜಡ್ಜ್ ಎಂದು ಕರೆಯುತ್ತಾರೆ. ಕೌಂಟಿಯ ಹಿರಿಯನಿಗೆ ನಮ್ಮಲ್ಲಿ ಅದೇ ಹೆಸರು, ಒಂದು ಮೊಕದ್ದಮೆಯನ್ನೂ ಕೇಳದಿದ್ದರೂ. ಆದರೆ ಶಿಕ್ಷೆ ಕೊಡುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೀಯ. ಎರಡನೆಯ ಆಂಬುಲೆನ್ಸು ಬೀಗ ಹಾಕಿದ ಷೆಡ್ಡಿನಲ್ಲಿ ನಿಂತಿದೆ ಎಂದು ಹೋದ ವಾರ ಗೊತ್ತಾಯಿತು. ನೀನು ಯಾವ ಕಡೆ ಕೈ ಎತ್ತಿದೆ ಎಂದು ನಾನು ಕೇಳಿಲ್ಲ. ಹೇಳಲು ಬಂದವರನ್ನೂ ತಡೆದೆ.

ಆಗಿನಿಂದ ನನ್ನ ವ್ಯಾಪಾರ ಬೆಳೆದಿದೆ. ನಿಮ್ಮ ಹಳೆಯ ಆಸ್ಪತ್ರೆಯ ಎದುರು ಮನೆಯ ಹೋಬರ್ಟ್ ಮೊನ್ನೆ ಬೆಳಿಗ್ಗೆ ಫೋನು ಮಾಡಿ ಕರೆದ. ಅವನ ಗಾಡಿ ಕೆಟ್ಟಿದೆಯೇನೋ ಎಂದು ಲಾರಿ ತೆಗೆದುಕೊಂಡು ಹೋದೆ. ನೋಡಿದರೆ ಎದೆ ಹಿಡಿದುಕೊಂಡು ಜಗಲಿ ಮೇಲೆ ಕೂತಿದ್ದಾನೆ.

“ಆಂಬುಲೆನ್ಸ್ ಕರೀಬಾರ್ದೇನೋ?” ಅಂದೆ.

“ಕರೆದೆ. ಬೆಟ್ಟದ ಆಚೆ ಯಾರನ್ನೋ ಬಿಡೋಕ್ಕೆ ಹೋಗಿದ್ಯಂತೆ. ನಿಂದು ಕೆಟ್ಟಿದ್ನ ಎಳೆಯೋ ಲಾರಿ ತಾನೆ? ನಾನೂ ಕೆಟ್ಟಿದೀನಿ. ಎಳ್ಕೊಂಡ್ ಹೋಗು.”

“ಮುಂದೆ ಬಂದು ಕೂತ್ಕೋ ಮಾರಾಯ. ಕೊಕ್ಕೆಗೆ ನೇತುಹಾಕೋಕೆ ನೀನೇನು ಹಳೇ ಫೋರ್ಡಾ?”

“ಮೈಲಿ ಲೆಕ್ಕ ಹಾಕ್ತೀಯೇನೋ, ಕಳ್ಳ?”

“ಸತ್ರೆ ಹಾಕ್ತೀನಿ. ಬದುಕಿದ್ರೆ ಬಿಟ್ಟಿ.”

ಬದುಕಿದ. ಗ್ಯಾಸು ಅಂದರಂತೆ. ಬಿಟ್ಟಿಯೇ ಆಯಿತು.

ವಾಪಸು ಬರುವಾಗ ಚರ್ಚಿನ ಹಿಂದಿನ ಸಮಾಧಿಗಳ ಕಡೆ ಹೋಗಿದ್ದೆ. ನನಗೆ ಕಲ್ಲುಗಳ ಮೇಲಿನ ಇಸವಿ ಕಳೆದು ವಯಸ್ಸು ಲೆಕ್ಕ ಹಾಕುವ ಕೆಟ್ಟ ಚಾಳಿ. ನಮ್ಮ ಅಪ್ಪಂದಿರು ಗಣಿಯ ಧೂಳು ನುಂಗಿ, ಕೆಮ್ಮಿ, ಎಲ್ಲರನ್ನೂ ಬೈದುಕೊಂಡೇ ಎಂಬತ್ತರ ಹತ್ತಿರ ಹೋದರು. ಅವರ ಆಚೆಗಿನ ಹೊಸ ಸಾಲಿನಲ್ಲಿ ಐವತ್ತು ದಾಟಿದವರೇ ಕಡಿಮೆ. ಸಕ್ಕರೆ ಕಾಯಿಲೆ, ಹೃದಯ, ಚಟವಾಗಿ ಹೋದ ನೋವಿನ ಗುಳಿಗೆ. ಎರಡು ಇಸವಿಗಳ ನಡುವೆ ಒಂದು ಗೆರೆ ಕೊರೆಯುತ್ತಾರಲ್ಲ, ಅದೊಂದೇ ಎಲ್ಲ ಕಲ್ಲಿನಲ್ಲೂ ಒಂದೇ ಉದ್ದ. ಆ ಸಾಲಿನಲ್ಲಿ ಎಲ್ಲರಿಗಿಂತ ಚಿಕ್ಕವನು ನಮ್ಮ ಕೋಡಿ. ಮಗನ ಪೆಟ್ಟಿಗೆಗೆ ಒಂದು ಕಡೆ ನಾನು ಹೆಗಲು ಕೊಟ್ಟಾಗ ಇನ್ನೊಂದು ಕಡೆ ನೀನಿದ್ದೆ. ಅದನ್ನು ಮರೆತಿಲ್ಲ. ಮರೆತಿದ್ದರೆ ಈ ಬಟ್ಟಲಿನ ಮೇಲೆ ಕಾಗದ ಇರುತ್ತಿರಲಿಲ್ಲ.

ಇಷ್ಟು ಶ್ರೀಮಂತ ದೇಶದಲ್ಲಿ ಅಪ್ಪನಿಗಿಂತ ಮಗ ಬೇಗ ಸಾಯುವುದು ಯಾವ ಲಕೋಟೆಯ ಲೆಕ್ಕ ಎಂದು ಮುಂದಿನ ಸಲ ರಾಜಧಾನಿಗೆ ಹೋದಾಗ ಕೇಳಿ ಬಾ.

ನಾನು ಮನೆಯಲ್ಲಿದ್ದರೆ ಒಪಲ್‌ಳನ್ನು ಲಾರಿಯಲ್ಲೇ ಕರೆದೊಯ್ಯುತ್ತೇನೆ. ಆದರೆ ನನ್ನ ಕೆಲಸ ನಿನಗೆ ಗೊತ್ತು, ಯಾವ ಕಣಿವೆಯಲ್ಲಿ ಯಾರ ಗಾಡಿ ಉರುಳುತ್ತದೋ ಹೇಳಲಾಗದು.

ಡೆಲ್ಮರ್


ಮಾರ್ಚ್ ೨೯

ಡೆಲ್ಮರ್,

ನೀನು ಕೆಲಸದ ಮೇಲೆ ಹೋಗಿದ್ದಾಗ ಏನಾದರೂ ಆದರೆ ಒಪಲ್ ನಮಗೆ ಫೋನು ಮಾಡಲಿ. ನನ್ನ ಕಾರು ನಿನ್ನ ಲಾರಿಗಿಂತ ಬೇಗ ಬೆಟ್ಟ ಹತ್ತುತ್ತದೆ. ಈ ಮಾತನ್ನು ನೇಡೀನ್ ಈಗಾಗಲೇ ಅವಳಿಗೆ ಹೇಳಿದ್ದಾಳಂತೆ. ನಿನಗೂ ನಾನೇ ಹೇಳಬೇಕೆನಿಸಿತು. ಹಟ ಹಿಡಿಯಬೇಡ.

ಅವತ್ತು ನಾನು ಗಾಡಿ ಉಳಿಸುವ ಕಡೆ ಕೈ ಎತ್ತಲಿಲ್ಲ. ಬೇರೆಯವರು ಹೇಳುವ ಮೊದಲು ನನ್ನಿಂದಲೇ ಕೇಳು. ಗಾಡಿ ಉಳಿಸಿದ್ದರೆ ಶಾಲೆಯ ಬಸ್ಸುಗಳನ್ನು ಕಡಿಮೆ ಮಾಡಬೇಕಾಗುತ್ತಿತ್ತು.

ವೆಂಡೆಲ್


ಮೇ ೬

ವೆಂಡೆಲ್,

ಜೈಲಿನ ಉದ್ಘಾಟನೆಗೆ ನಾವೂ ಬಂದಿದ್ದೆವು, ನೀನು ನೋಡಿದೆ. ನಾನು ಬಂದದ್ದು ಬಿಟ್ಟಿ ಊಟಕ್ಕೆ. ಒಪಲ್ ಬಂದದ್ದು ಒಳಗೆ ನೋಡುವುದಕ್ಕೆ. ಕೈದಿಗಳ ಔಷಧದ ಕೋಣೆಯ ಮುಂದೆ ಅವಳು ಎಷ್ಟು ಹೊತ್ತು ನಿಂತಳು, ಗೊತ್ತೆ? ಹಗಲಿರುಳು ನರ್ಸು, ವಾರಕ್ಕೊಮ್ಮೆ ಡಾಕ್ಟರು, ಆಮ್ಲಜನಕದ ಸಿಲಿಂಡರು. ಎಲ್ಲ ಹೊಸದು, ಬೆಲೆಚೀಟಿ ಹರಿಯುವುದೊಂದು ಬಾಕಿ.

“ಇಲ್ಲಿ ಒಂದು ಹಾಸಿಗೆ ಸಿಗಬೇಕಾದ್ರೆ ಏನ್ ಮಾಡ್ಬೇಕಮ್ಮಾ?” ಎಂದು ಆ ನರ್ಸು ಹುಡುಗಿಯನ್ನು ಕೇಳಿದಳು.

“ಏನಾದ್ರೂ ಕದೀಬೇಕು, ಅಜ್ಜಿ.”

“ಚಮಚ ಸಾಕಾ, ಇಲ್ಲ ಕಾರೇ ಬೇಕಾ?”

ನೀನು ಪಕ್ಕದಲ್ಲಿದ್ದವನು ನಕ್ಕೆ. ನಾನೂ ನಕ್ಕೆ. ಆಮೇಲೆ ಇಬ್ಬರೂ ಬೇರೆ ಬೇರೆ ಗೋಡೆ ನೋಡಿದೆವು.

ಲಾರಿಯಲ್ಲಿ ಕೂತ ಮೇಲೆ ಅವಳು ನಗಲಿಲ್ಲ. “ಡೆಲ್, ಅವರಿಗೂ ಬೇಕು ಬಿಡು, ಪಾಪ. ಕಳ್ಳರಿಗೂ ಉಸಿರು ಕಟ್ಟತ್ತೆ” ಅಂದಳು. ಅಷ್ಟು ಹೇಳಲು ಎರಡು ಸಲ ಉಸಿರು ತೆಗೆದುಕೊಂಡಳು. ಕಾಲು ಮತ್ತೆ ಊದುತ್ತಿದೆ. ಈಗ ಮೂರು ದಿಂಬು ಒರಗಿಸಿದರೆ ಮಾತ್ರ ಮಲಗುತ್ತಾಳೆ. ಈ ಬಟ್ಟಲಿನಲ್ಲಿರುವ ಜೋಳದ ರೊಟ್ಟಿ ನಾನು ಮಾಡಿದ್ದು, ಕ್ಷಮಿಸಿಬಿಡು.

ಜುಲೈಯಿಂದ ಕೌಂಟಿಯ ಹೊಸ ವರ್ಷದ ಲೆಕ್ಕ. ಎರಡನೆಯ ಗಾಡಿಯನ್ನು ಇನ್ನೊಮ್ಮೆ ಮಂಡಳಿಯ ಮುಂದಿಡು. ನಾನು ಸಭೆಗೆ ಬರುವುದಿಲ್ಲ, ಕೂಗುವುದಿಲ್ಲ, ಪೊಲೀಸರಿಗೆ ಕೆಲಸ ಕೊಡುವುದಿಲ್ಲ. ನೀನು ಕೈ ಎತ್ತು, ಸಾಕು.

ಫಲಕ ಇನ್ನೂ ಅಲ್ಲೇ ಇದೆ.

ಡೆಲ್ಮರ್


ಜೂನ್ ೧೪

ಡೆಲ್ಮರ್,

ಎರಡನೆಯ ಗಾಡಿಯ ವಿಷಯ ನಾನೇ ಎತ್ತಿದೆ. ಈ ಸಲ ಕೈಯನ್ನೂ ಎತ್ತಿದೆ. ಇನ್ನೂ ಒಂದು ಮತ ಸಾಲದು. ಮುಂದಿನ ತಿಂಗಳಿಗೆ ಮುಂದೂಡಿದರು. ಆ ಒಬ್ಬನ ಮನೆಗೆ ಭಾನುವಾರ ಚರ್ಚು ಮುಗಿದ ಮೇಲೆ ಹೋಗಬೇಕೆಂದಿದ್ದೇನೆ.

ಹೆದ್ದಾರಿ ಇಲಾಖೆಯಿಂದ ಉತ್ತರ ಬಂದಿದೆ. ಹಾಕುವ ಪಟ್ಟಿಯಲ್ಲಿ ನಮ್ಮ ಫಲಕವಿದೆಯಂತೆ, ತೆಗೆಯುವ ಪಟ್ಟಿ ಇನ್ನೂ ಆಗಬೇಕಂತೆ. ಇದನ್ನು ಓದಿ ನೀನು ಒಪಲ್‌ಗೆ ಹೇಗೆ ಹೇಳಿ ನಗಿಸುತ್ತೀಯ ಎಂದು ಊಹಿಸಬಲ್ಲೆ.

ನಿನ್ನ ರೊಟ್ಟಿಯನ್ನು ನಾಯಿ ತಿಂದಿತು. ಬದುಕಿದೆ. ಬಟ್ಟಲು ಸದ್ಯ ನಮ್ಮಲ್ಲೇ ಇರಲಿ. ನೇಡೀನ್‌ಗೆ ಮಂಡಿನೋವು, ಅಡಿಗೆಮನೆಯಲ್ಲಿ ನಿಲ್ಲಲಾಗುತ್ತಿಲ್ಲ. ಮುಂದಿನ ವಾರ ತುಂಬಿಸಿ ಕಳಿಸುತ್ತಾಳೆ.

ವೆಂಡೆಲ್


ಜುಲೈ ೧೮

ಡೆಲ್ಮರ್,

ಇದನ್ನು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಬಟ್ಟಲಿನಲ್ಲಿಟ್ಟು ಕಳಿಸಲು ಕೈ ಬರಲಿಲ್ಲ.

ಒಪಲ್‌ಳನ್ನು ಮಣ್ಣು ಮಾಡಿದ ದಿನ ನಾನು ಚರ್ಚಿನ ಹಿಂದಿನ ಸಾಲಿನಲ್ಲಿ ನಿಂತಿದ್ದೆ. ನೀನು ಬಂದು ಕೈ ಕುಲುಕಿದೆ. “ಕರ್ಕೊಂಡು ಹೋಗಿದ್ದಕ್ಕೆ ಥ್ಯಾಂಕ್ಸ್ ಕಣೋ” ಎಂದೆ. ಆಗಲೇ ಹೇಳಬೇಕಿತ್ತು.

ಆ ಭಾನುವಾರ ಊಟಕ್ಕೆ ಕೂರುವ ಹೊತ್ತಿಗೆ ಅವಳ ಫೋನು ಬಂತು. ನೀನು ಉರುಳಿಬಿದ್ದ ಮರದ ದಿಮ್ಮಿಯ ಲಾರಿಯ ಹತ್ತಿರ ಹೋಗಿದ್ದೆ, ಅಲ್ಲಿ ಫೋನು ಸಿಗುತ್ತಿರಲಿಲ್ಲ. ಆಂಬುಲೆನ್ಸ್ ಬೆಟ್ಟದ ಆಚೆ ಇತ್ತು. ನಾನು ಹೋದಾಗ ಅವಳು ಬೇಸಿಗೆಯಲ್ಲೂ ಕೋಟು ಹಾಕಿಕೊಂಡು, ಕೈಚೀಲ ತೊಡೆಯ ಮೇಲಿಟ್ಟು ಜಗಲಿಯಲ್ಲಿ ಕೂತಿದ್ದಳು. ಬಸ್ಸಿಗೆ ಕಾಯುವವರ ಹಾಗೆ.

“ಜಡ್ಜ್ ಸಾಹೇಬ್ರೇ ಬಂದ್ರಾ? ನಾನಿನ್ನೂ ಏನೂ ಕದ್ದಿಲ್ವಲ್ಲಪ್ಪಾ” ಅಂದಳು.

ಕಾರನ್ನು ಜೋರಾಗಿಯೇ ಓಡಿಸಿದೆ. ಹೆದ್ದಾರಿಯಲ್ಲಿ ಆ ತಿರುವು ಬಂತು. ನೀಲಿ ಫಲಕ ಕಾಣಿಸಿತು, ನಾನು ತಿರುಗಿಸಿದೆ.

ಡೆಲ್, ನಾನು ತಿರುಗಿಸಿದೆ. ನನ್ನ ಎರಡೂ ಮಕ್ಕಳು ಅಲ್ಲಿ ಹುಟ್ಟಿದ್ದು, ಅಪ್ಪ ಸತ್ತದ್ದು ಅಲ್ಲಿ. ಗಣಿಯಲ್ಲಿ ನಿನ್ನ ಕಾಲು ಸಿಕ್ಕಿಕೊಂಡಾಗ ನಿನ್ನನ್ನು ಹೊತ್ತು ತಂದದ್ದು ಆ ತಿರುವಿನಲ್ಲೇ. ಉಸಿರಿಗೆ ಒದ್ದಾಡುವವರು ಪಕ್ಕದಲ್ಲಿದ್ದಾರೆ, ಫಲಕ ಕಾಣಿಸಿತು, ಕೈ ತಾನಾಗಿ ಹೋಯಿತು. ತುರ್ತು ಬಾಗಿಲಿನ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದೆ. ಹೊಡೆಯುತ್ತಲೇ ಇದ್ದೆ. ಯಾರೂ ಬರುತ್ತಿಲ್ಲವಲ್ಲ ಎಂದು ಸಿಟ್ಟು ಬಂತು. ಬಾಗಿಲಿಗೆ ಹೊಡೆದ ಹಲಗೆ ಕಣ್ಣೆದುರಿಗೇ ಇತ್ತು.

ಅವಳೇ ನನ್ನ ತೋಳು ಮುಟ್ಟಿದಳು. “ವೆಂಡೆಲ್, ಇದು ಮುಚ್ಚಿದೆ ಅಲ್ವೇನೋ” ಅಂದಳು. ಬೈಯುವ ದನಿಯಲ್ಲ. ಮಗುವಿಗೆ ಹೇಳುವ ಹಾಗೆ. ಕಾರು ಹಿಂದೆ ತೆಗೆಯುವಾಗ ಇನ್ನೊಂದು ಮಾತು ಹೇಳಿದಳು. “ಡೆಲ್‌ಗೆ ಹೇಳ್ಬೇಡ. ನಿನ್ನ ಜೀವ ತಿಂದ್ಬಿಡ್ತಾನೆ.”

ಬೆಟ್ಟದ ಅರ್ಧ ದಾರಿಯಲ್ಲಿ ಮಾತಾಡಿಸಿದೆ. ಉತ್ತರ ಬರಲಿಲ್ಲ.

ಆ ತಿರುವಿನಲ್ಲಿ ಕಳೆದ ಹೊತ್ತು ಉಳಿದಿದ್ದರೆ ಏನಾಗುತ್ತಿತ್ತು ಎಂದು ಅಲ್ಲಿಯ ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದ. ಬದುಕಿಸಲು ಸಾಧ್ಯವಿರಲಿಲ್ಲ ಎನ್ನಲಿಲ್ಲ.

ಹೋದ ವಾರದ ಸಭೆಯಲ್ಲಿ ಎರಡನೆಯ ಗಾಡಿಗೆ ಒಪ್ಪಿಗೆ ಆಯಿತು. ಯಾರೂ ವಿರೋಧಿಸಲಿಲ್ಲ. ಎಲ್ಲರೂ ಮೇಜು ನೋಡುತ್ತ ಕೈ ಎತ್ತಿದರು. ಶಾಲೆಯ ಬಸ್ಸುಗಳೂ ಉಳಿದವು. ಹುಡುಕಿದರೆ ದುಡ್ಡು ಇತ್ತು.

ಅವಳು ಹೇಳಬೇಡ ಅಂದದ್ದನ್ನು ಹೇಳಿದ್ದೇನೆ. ಇನ್ನು ನೀನು ಏನು ಮಾಡಿದರೂ ಸರಿಯೇ.

ವೆಂಡೆಲ್ ರ್ಯಾಟ್ಲಿಫ್


ಆಗಸ್ಟ್ ೨

ವೆಂಡೆಲ್,

ನನಗೆ ಗೊತ್ತಿತ್ತು. ಆಸ್ಪತ್ರೆಯ ಎದುರು ಮನೆಯ ಹೋಬರ್ಟ್ ಮಣ್ಣಿನ ದಿನವೇ ಹೇಳಿದ್ದ. “ಜಡ್ಜ್ ಕಾರು ಕಣೋ, ಖಾಲಿ ಆಸ್ಪತ್ರೆ ಮುಂದೆ ನಿಂತು ಒಂದೇ ಸಮ ಹಾರ್ನ್ ಹೊಡೀತಿತ್ತು. ಕುಡಿದಿದಾನೇನೋ ಅನ್ಕೊಂಡೆ” ಅಂದ. ಚರ್ಚಿನಲ್ಲಿ ನಿನ್ನ ಕೈ ಕುಲುಕಿದಾಗ ಈ ಮಾತು ನನ್ನ ಕಿವಿಯಲ್ಲಿತ್ತು. ನೀನಾಗಿ ಹೇಳುತ್ತೀಯೋ ಇಲ್ಲವೋ ಎಂದು ಕಾದೆ. ಹೇಳದಿದ್ದರೆ ಏನು ಮಾಡಬೇಕೆಂದೂ ಯೋಚಿಸಿಟ್ಟಿದ್ದೆ. ಅದನ್ನಿಲ್ಲಿ ಬರೆಯುವುದಿಲ್ಲ. ನೀನು ಇನ್ನೂ ಜಡ್ಜ್.

ನಿನ್ನ ಕಾಗದ ಓದಿ ಲಾರಿ ಹತ್ತಿದೆ. ಎಲ್ಲಿಗೆಂದು ಇರಲಿಲ್ಲ. ಹೆದ್ದಾರಿಯಲ್ಲಿ ಹೋಗುತ್ತಿದ್ದೆ, ತಿರುವು ಬಂತು, ನನ್ನ ಕೈಯೂ ಆ ಕಡೆಗೆ ಹೋಯಿತು. ಅವಳು ಕೋಡಿಯನ್ನು ಹೆತ್ತ ದಿನ ನಾನು ಆ ತಿರುವಿನಲ್ಲಿ ಎಷ್ಟು ಜೋರಾಗಿ ಹೋದೆನೆಂದರೆ, ಹೆರಿಗೆ ನೋವಿನಲ್ಲೂ ಎದ್ದು ಕೂತು ಬೈದಿದ್ದಳು. ಹಾಗಾಗಿ ಕೈ ತಿರುಗಿದ್ದಕ್ಕೆ ನಿನ್ನನ್ನು ಕ್ಷಮಿಸುವ ಮಾತು ಬರುವುದಿಲ್ಲ. ಅದಕ್ಕೆ ಕ್ಷಮೆ ಬೇಕಿಲ್ಲ. ರುಜು ಹಾಕಿದ್ದರ ಲೆಕ್ಕ ಬೇರೆ. ಅದು ನನ್ನ ಪುಸ್ತಕದಲ್ಲಿ ಇನ್ನೂ ಬಾಕಿಯೇ ಇದೆ, ನಾನಿರುವವರೆಗೆ ಇರುತ್ತದೆ. ಎರಡನ್ನೂ ಕೂಡಿಸಿ ಒಂದೇ ಮೊತ್ತ ಮಾಡಲು ನೋಡಿದೆ, ಆಗಲಿಲ್ಲ.

ಅಲ್ಲಿಯೇ ಲಾರಿ ನಿಲ್ಲಿಸಿ, ಕೊಕ್ಕೆ ಇಳಿಸಿ, ಫಲಕಕ್ಕೆ ಸರಪಳಿ ಸುತ್ತಿದೆ. ಸರ್ಕಾರ ನೆಟ್ಟದ್ದು, ಬುಡದಲ್ಲಿ ಒಳ್ಳೆಯ ಸಿಮೆಂಟು ಹಾಕಿದ್ದರು. ಆಸ್ಪತ್ರೆಗಿಂತ ಗಟ್ಟಿಯಾಗಿ ನಿಂತಿತ್ತು. ಎರಡು ಸಲ ಎಳೆದೆ, ಬಂತು.

ನಿನ್ನೆ ಪೊಲೀಸು ಹುಡುಗ ಅಂಗಳಕ್ಕೆ ಬಂದಿದ್ದ, ನನ್ನ ರಟ್ಟೆ ಹಿಡಿದವನೇ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಮಾತಾಡಿದ.

“ಡೆಲ್ಮರ್ ಅಂಕಲ್, ಸರ್ಕಾರದ ಬೋರ್ಡು ಕಾಣಿಸ್ತಿಲ್ವಂತೆ.”

“ಕಾಣಿಸ್ತಿದ್ಯಲ್ಲ, ನಿನ್ನ ಬೆನ್ನ ಹಿಂದೇನೇ ಇದೆ.”

“ಯಾಕ್ ತಂದ್ರಿ ಅಂತ ಬರ್ಕೊಳ್ಲಿ?”

“ರಸ್ತೆ ಬದಿ ಯಾರೋ ಬಿಟ್ಟುಹೋಗಿದ್ರು ಅಂತ ಬರ್ಕೋ. ಬಿಟ್ಟುಹೋದದ್ದನ್ನ ಎಳ್ಕೊಂಡ್ ಬರೋದು ನನ್ನ ಕಸುಬು. ಯಾರದೋ ಅವರು ಬಂದು ಗುರುತು ಹೇಳಿ ಬಿಡಿಸ್ಕೊಂಡು ಹೋಗ್ಲಿ.”

ಅವನೂ ಅದೇ ಆಸ್ಪತ್ರೆಯಲ್ಲಿ ಹುಟ್ಟಿದವನು. ಏನನ್ನೂ ಬರೆದುಕೊಳ್ಳದೆ ಹೋದ.

ಮನೆಯಲ್ಲಿ ಅವಳ ಮೂರು ದಿಂಬುಗಳನ್ನು ಇನ್ನೂ ಒಂದರ ಮೇಲೊಂದು ಇಟ್ಟಿದ್ದೇನೆ. ನಾನು ನನ್ನ ಮಗ್ಗುಲಿನಲ್ಲೇ ಮಲಗುತ್ತೇನೆ. ಅಡಿಗೆಮನೆಯಲ್ಲಿ ಊರವರು ತಂದಿಟ್ಟ ಪಾತ್ರೆಗಳು ಸಾಲಾಗಿವೆ, ಅವುಗಳಲ್ಲಿ ಏನು ತುಂಬಿಸಿ ಕಳಿಸಬೇಕೋ ನನಗೆ ತಿಳಿಯುತ್ತಿಲ್ಲ. ಅದನ್ನೆಲ್ಲ ಅವಳು ನೋಡಿಕೊಳ್ಳುತ್ತಿದ್ದಳು.

ಅವಳ ಹಳದಿ ಬಟ್ಟಲು ನಿಮ್ಮ ಮನೆಯಲ್ಲೇ ಇದೆ. ನೇಡೀನ್‌ಳ ಮಂಡಿನೋವು ನನಗೆ ಗೊತ್ತು, ಅವಳನ್ನು ಒಲೆ ಮುಂದೆ ನಿಲ್ಲಿಸಬೇಡ. ಅಂಚೆಯಲ್ಲೂ ಕಳಿಸಬೇಡ, ಒಡೆಯುತ್ತದೆ. ನೀನೇ ತೆಗೆದುಕೊಂಡು ಬಾ.

ಬರಿದೇ ತಂದರೂ ನಡೆಯುತ್ತದೆ.

ಡೆಲ್